ಅಕ್ಕನ ತೊಟ್ಟಿ

ನೀರಿಗೆ ಕಿವಿಯಿದ್ದ ಕಾಲವೊಂದಿತ್ತಂತೆ. ಆ ಕಾಲದ ಒಂದೂರಿನಲ್ಲಿ ಕೆಲವು ಮಕ್ಕಳು ಹರೆಯಕ್ಕೆ ಬರುವ ಹೊತ್ತಿಗೆ ನೀರು ಅವರ ಮಾತು ಕೇಳಲು ಶುರುಮಾಡುತ್ತಿತ್ತು. ಇನ್ನು ಕೆಲವರ ಮಾತನ್ನು ಬೆಂಕಿ ಕೇಳುತ್ತಿತ್ತು, ಕೆಲವರದನ್ನು ಗಾಳಿ. ಅಂಥವರು ಯಾವ ಸಂದಿಯಲ್ಲಿದ್ದರೂ ಹುಡುಕಿ ಗುಡ್ಡದ ಮೇಲಿನ ದೊಡ್ಡಮನೆಗೆ ಸೇರಿಸುವುದು ಊರನ್ನು ಆಳುವವರ ಕಾನೂನು. ಬೆಂಕಿಯ ಮಕ್ಕಳು ಗುಡ್ಡದವರ ಒಲೆ ಉರಿಸಬೇಕು, ಗಾಳಿಯ ಮಕ್ಕಳು ಅವರ ಕೋಣೆ ತಣ್ಣಗಿಡಬೇಕು, ನೀರಿನ ಮಕ್ಕಳು ಅವರ ಟ್ಯಾಂಕು ತುಂಬಿಸಬೇಕು. ಕೆಳಗಿನ ಬೀದಿಗಳ ಪಾಡು ನಾಯಿಪಾಡು.

ಅಂಥದೊಂದು ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಿತ್ತು. ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಅಂಗಡಿಯ ಮೂಟೆಗಳ ನಡುವೆಯೇ ಮಲಗಿಸಿ, ಎಬ್ಬಿಸಿ, ಬೆಳೆಸಿದವಳು ಅಕ್ಕ. ನೀರು ತಂಗಿಯ ಮಾತೂ ಕೇಳತೊಡಗಿತು. ಅವಳನ್ನು ಒಯ್ಯಲು ದೊಡ್ಡಮನೆಯ ವ್ಯಾನು ಬಂದ ದಿನ ಹುಡುಗಿ ಹಿತ್ತಿಲ ಕಲ್ಲುತೊಟ್ಟಿಯ ಅಂಚು ಹಿಡಿದುಕೊಂಡು ಬಿಕ್ಕಿದಳು.

"ಕೆಲಸ ಕಲಿತ ಮೇಲೆ ಮೊದಲು ನಿನ್ನ ತೊಟ್ಟಿ ತುಂಬಿಸ್ತೀನಿ ಅಕ್ಕಾ. ನೀನು ನಲ್ಲಿ ಮುಂದೆ ಕಾಯೋ ಹಾಗೇ ಇಲ್ಲ. ಆಣೆ."

"ಮೊದಲು ಮೂಗು ಒರೆಸ್ಕೊ ಮರೀ," ಅಂದಳು ಅಕ್ಕ. "ಆಮೇಲೆ ತೊಟ್ಟಿ ತುಂಬಿಸುವಿಯಂತೆ."

ನೀರು ಸಿಕ್ಕಸಿಕ್ಕವರ ಮಾತು ಕೇಳುವುದಿಲ್ಲ, ಅದನ್ನು ಕುಡಿದು ಬೆಳೆದವರ ಕರೆಗೇ ಓಗೊಡುತ್ತದೆ ಎನ್ನುವುದು ದೊಡ್ಡಮನೆಯವರಿಗೆ ಗೊತ್ತಿತ್ತು. ಹಾಗಾಗಿ ಯಾವ ಬೀದಿಯ ಮಗುವೋ ಅದೇ ಬೀದಿಯ ನೀರೆಳೆಯುವ ಕೆಲಸಕ್ಕೆ ಹಚ್ಚುತ್ತಿದ್ದರು. ಮಕ್ಕಳಿಗೆ ಮಾತ್ರ ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೇಳಬೇಕಾಗಿಯೂ ಇರಲಿಲ್ಲ. ಮೊದಲ ದಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಕಾಲು ಟ್ಯಾಂಕಿನೊಳಗೆ ಇಳಿಬಿಟ್ಟು, ಹುಡುಗಿ ಮನಸ್ಸಿನಲ್ಲೇ 'ಬಾ' ಎಂದಳು. ನೀರು ಹಟ್ಟಿಗೆ ಓಡುವ ಕರುವಿನ ಹಾಗೆ ಬಂತು. ಅದರ ತುಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಇದು ತಮ್ಮ ಬೀದಿಯ ನಲ್ಲಿಯದೇ ಎಂದು ಗೊತ್ತಾಯಿತು. ಕಾಲು ಮೇಲೆತ್ತಿದ್ದರೆ ಸಾಕಿತ್ತು, ನೀರು ತಿರುಗಿ ಹೋಗುತ್ತಿತ್ತು. ಅಷ್ಟರಲ್ಲಿ ಮೇಲ್ವಿಚಾರಕಿ ಬೆನ್ನು ತಟ್ಟಿ, "ಶಭಾಷ್! ಇಷ್ಟು ಬೇಗ ಯಾರೂ ಎಳೆದಿರಲಿಲ್ಲ," ಎಂದರು. ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಹುಡುಗಿ ಕಾಲೆತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಕೆಳಗೆ ಒಂದಿಷ್ಟು ಉಳಿದೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಚೆನ್ನಾಗಿ ನೀರೆಳೆದವರಿಗೆ ಕೊಡುವ ನೀಲಿ ಪಟ್ಟಿ ಹೆಗಲಿಗೆ ಬಂದ ಮೇಲೆ ಹಾಗೆ ಹೇಳಿಕೊಳ್ಳುವುದನ್ನೂ ಬಿಟ್ಟಳು.

ಒಂದು ಬೆಳಿಗ್ಗೆ ಊಟದ ಕೋಣೆಯಲ್ಲಿ ನೆಲ ಒರೆಸಲು ಹೊಸಬಳೊಬ್ಬಳು ಬಂದಳು. ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು. ಉಣ್ಣುತ್ತಿದ್ದ ಹುಡುಗಿ ತಟ್ಟೆಯತ್ತ ತಲೆ ತಗ್ಗಿಸಿದಳು. ಅಕ್ಕ!

ಪಕ್ಕದಲ್ಲಿದ್ದ ಬೆಂಕಿಯ ಹುಡುಗ, ಎಲ್ಲರೂ ಕೊಳ್ಳಿ ಎಂದು ಕರೆಯುವವನು, ಮೊಣಕೈಯಿಂದ ತಿವಿದ. "ಏಯ್, ಆಯಮ್ಮ ನಿನ್ನನ್ನೇ ನುಂಗೋ ಹಾಗೆ ನೋಡ್ತಿದ್ದಾಳಲ್ಲೇ. ಪರಿಚಯವಾ?"

"ನಂಗಾ? ಇಲ್ಲಪ್ಪ. ಕೆಳಗಿನವರು ಹಾಗೇ, ಎಲ್ಲರನ್ನೂ ನೋಡ್ತಾರೆ."

ಮಾತು ಬಾಯಿಂದ ಜಾರಿದ ಮೇಲೆ ನೋಡಿದರೆ ಅಕ್ಕ ಮೇಜಿನ ಬುಡದಲ್ಲೇ ಕೂತಿದ್ದಳು. ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ಒದ್ದೆ ಬಟ್ಟೆ ಹಿಡಿದು, ತಲೆಯೆತ್ತದೆ ಅಂದಳು:

"ಸ್ವಲ್ಪ ಕಾಲೆತ್ತಿ ಅಮ್ಮಾವ್ರೇ. ಒರೆಸಿಬಿಡ್ತೀನಿ."

ಹುಡುಗಿ ಕಾಲೆತ್ತಿದಳು. ಕಿವಿಯ ತುದಿಯವರೆಗೂ ಬಿಸಿ ಏರಿತು. ಕೆಂಪಾದ ಕಿವಿ ನೋಡಿ, ಕೊಳ್ಳಿಯ ಕಿತಾಪತಿ ಇರಬೇಕೆಂದು ಯಾರೋ ನಕ್ಕರು.

ಹಿಂದಿನ ಮೆಟ್ಟಿಲ ಬಳಿ ಅಕ್ಕ ಒಬ್ಬಳೇ ಸಿಕ್ಕಳು.

"ಅಕ್ಕಾ, ಅದು... ಅವನ ಮುಂದೆ..."

"ಬಿಡು ಮರೀ. ಈ ಅವತಾರ ನೋಡಿದ್ರೆ ನನಗೇ ನನ್ನ ಪರಿಚಯ ಸಿಗಲ್ಲ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಗಡಿ ಮುಚ್ಚಿದೆ. ನಲ್ಲಿ ತಿರುಗಿಸಿದ್ರೆ ಬೆಕ್ಕಿನ ಥರ ಬುಸ್ ಅನ್ನುತ್ತೆ ಅಷ್ಟೇ. ಒಗೆಯೋಕೇ ನೀರಿಲ್ಲ, ಇಸ್ತ್ರಿ ಯಾವುದಕ್ಕೆ ಹಾಕ್ಲಿ, ನನ್ನ ಮುಖಕ್ಕಾ? ಯಾವುದೋ ಪಿಶಾಚಿ ನಮ್ಮ ನೀರು ಹೀರ್ತಿದೆ ಅಂತ ಬೀದಿಯವರು ಶಾಪ ಹಾಕ್ತಾರೆ. ನಾನೇ ತಡೆದೆ. ಯಾರು ಹೆತ್ತ ಮಗುವೋ, ಹೊಡೆದು ಬಡಿದು ಎಳೆಸ್ತಿದ್ದಾರೇನೋ, ಸುಮ್ನಿರಿ ಅಂದೆ."

ಹುಡುಗಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಯಾರೂ ಹೊಡೀಲಿಲ್ಲ ಅಕ್ಕಾ," ಅಂದಳು. "ಎಳೆದಿದ್ದು ನಾನೇ."

ಅಕ್ಕನ ಕೈ ಬಕೆಟ್ಟಿನ ಮೇಲೆ ನಿಂತಿತು. "ನಮ್ಮದೇ ನೀರು ಅಂತ ಗೊತ್ತಿರಲಿಲ್ಲ ಅಲ್ವಾ?"

ಹೌದು ಎಂದುಬಿಟ್ಟಿದ್ದರೆ ಅಕ್ಕ ನಂಬುತ್ತಿದ್ದಳು. ನಂಬಲು ಕಾದೇ ಕೂತಿದ್ದಳು.

"ಮೊದಲ ದಿನವೇ ಗೊತ್ತಾಯ್ತು."

ಅಕ್ಕ ಬಟ್ಟೆಯನ್ನು ಅದ್ದಿದಳು, ಹಿಂಡಿದಳು, ಇನ್ನೊಮ್ಮೆ ಹಿಂಡಿದಳು. ಒಂದು ಹನಿಯೂ ಬೀಳಲಿಲ್ಲ, ಆದರೂ ಹಿಂಡುತ್ತಲೇ ಇದ್ದಳು.

"ಬೈಯಕ್ಕಾ. ಎರಡೇಟು ಹಾಕು."

"ಬೈದ್ರೆ ನಿನಗೆ ಹಗುರ ಆಗುತ್ತೆ. ನನಗೇನಾಗುತ್ತೆ? ದಾರಿ ಬಿಡು, ಇನ್ನೂ ಒರೆಸೋದಿದೆ."

ಮಧ್ಯಾಹ್ನ ಕೆಲಸ ಮುಗಿಸಿ ಅಕ್ಕ ಗುಡ್ಡ ಇಳಿಯುವಾಗ ಹುಡುಗಿ ಹಿಂದೆ ಹಿಂದೆಯೇ ಹೊರಟಳು. ಅಕ್ಕ ಬಾ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಗೇಟಿನ ಕಾವಲುಗಾರ ಅಕ್ಕನ ಚೀಲ ಜಾಲಾಡಿ, ನೀಲಿ ಪಟ್ಟಿ ಕಂಡಕೂಡಲೇ ತಂಗಿಗೆ ಸೆಲ್ಯೂಟ್ ಹೊಡೆದ. ಅಕ್ಕ ಬೇರೆಲ್ಲೋ ನೋಡಿದಳು.

ಬೀದಿಯ ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲುಗಟ್ಟಿದ್ದವು. ಹಳೇ ಬಾಟಲಿ ಮಾರುವ ಅಜ್ಜ ಕೂತಲ್ಲಿಂದಲೇ ಕೂಗಿದ, "ನಮ್ಮ ಹುಡುಗಿ ಬಂದ್ಲು! ನೋಡ್ರೋ, ಕೊಟ್ಟ ಮಾತು ಮರೀಲಿಲ್ಲ ಕೂಸು!" ಹೆಂಗಸರು ಬಂದು ಮುತ್ತಿಕೊಂಡರು. ಯಾರೋ ಗಲ್ಲ ಸವರಿದರು, ಯಾರೋ ಪಟ್ಟಿ ಮುಟ್ಟಿ ನೋಡಿದರು. ಒಬ್ಬಳಂತೂ ಕೈಯನ್ನೇ ಮುಗಿದುಬಿಟ್ಟಳು.

"ಬೇಡ, ಕೈ ಮುಗೀಬೇಡಿ. ಇಷ್ಟು ದಿನ ನಿಮ್ಮ ನೀರು ಎಳೆದಿದ್ದು ನಾನೇ. ಗೊತ್ತಿದ್ದೇ ಎಳೆದೆ."

ಮುಗಿದ ಕೈಗಳು ಬಿಚ್ಚಿಕೊಂಡವು. ಅಜ್ಜ ಪಕ್ಕಕ್ಕೆ ಉಗಿದ. "ಎತ್ತಿ ಆಡಿಸಿದ ಕೂಸು," ಎಂದವನು ಮುಖ ತಿರುಗಿಸಿಕೊಂಡ. ಹುಡುಗಿಗೆ ಅಳು ಒತ್ತಿಕೊಂಡು ಬಂತು.

"ಅಳೋದು ಆಮೇಲೆ," ಎಂದಳು ಅಕ್ಕ, ಹಿತ್ತಿಲ ಬಾಗಿಲು ತೆರೆಯುತ್ತ. "ಮೊದಲು ಬಂದ ಕೆಲಸ ಮಾಡು."

ತೊಟ್ಟಿಯ ತಳ ಬಿರುಕುಬಿಟ್ಟ ಪಾಚಿಯಿಂದ ಕಪ್ಪಾಗಿತ್ತು. ಹುಡುಗಿ ಚಪ್ಪಲಿ ಕಳಚಿ ಒಳಗಿಳಿದು, ಕಣ್ಣುಮುಚ್ಚಿ ನೀರನ್ನು ಕರೆದಳು. ಗುಡ್ಡದ ಟ್ಯಾಂಕಿನಲ್ಲಿ ಅದು ಹೊರಳಿದ್ದು ಕಾಲಿಗೆ ತಿಳಿಯಿತು. ಇವತ್ತು ತುಂಬಿಸಿದರೆ ನಾಳೆ ದೊಡ್ಡಮನೆಯವರು ಮತ್ತೆ ಅವಳನ್ನೇ ಕಟ್ಟೆಯ ಮೇಲೆ ಕೂರಿಸುತ್ತಾರೆ. ಹೊಡೆದಾರು. ಇಲ್ಲ, ಹೊಗಳಿಯಾರು, ಅವಳಿಗೆ ಹೆಚ್ಚು ಭಯ ಆ ಹೊಗಳಿಕೆಯದೇ.

"ಬಾ," ಅಂದಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. "ಬಂದು ಇಲ್ಲೇ ಇರು. ಇನ್ನು ನಾನು ಕರೆದರೂ ಹೋಗಬೇಡ. ನನ್ನ ಮಾತು ಯಾವತ್ತೂ ಕೇಳಬೇಡ."

ತೊಟ್ಟಿಯ ಮೇಲಿನ ಪೈಪು ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಧೋ ಎಂದಿತು. ಬೀದಿಯಲ್ಲಿ ಕೊಡಗಳು ಒಂದಕ್ಕೊಂದು ತಾಗುವ ಸದ್ದೆದ್ದಿತು. ಗುಡ್ಡದ ಮೇಲೆ ಸೈರನ್ ಕೂಗತೊಡಗಿತು. ಹುಡುಗಿ ಕದಲಲಿಲ್ಲ. ನೀರು ಮೀನಖಂಡ ದಾಟಿತು, ಮೊಣಕಾಲು ಮುಳುಗಿಸಿತು. ಅವಳ ಒಳಗಿನಿಂದ ಏನೋ ಕಳಚಿಕೊಂಡು ಹೋದಂತಾಯಿತು. ಕಾಲಿನ ಸುತ್ತ ಈಗ ಬರೀ ನೀರು, ಎಲ್ಲರಿಗೂ ಇರುವಂಥ ನೀರು. ಅಕ್ಕ ತೊಟ್ಟಿಯ ಪಕ್ಕ ನಿಂತು ನೋಡುತ್ತಿದ್ದಳು, ಮುಖ ಇನ್ನೂ ಬಿಗಿದೇ ಇತ್ತು. ನೀರು ಅಂಚಿನವರೆಗೆ ಬಂದು, ಒಂದು ಕ್ಷಣ ಉಬ್ಬಿ ನಿಂತು, ಅಕ್ಕನ ಪಾದದ ಮೇಲೆ ತುಳುಕಿತು.