ದುಭಾಷಿ

"ನಿಮ್ ಮಾತ ನನಗ ತಿಳಿಯಂಗಿಲ್ಲೋ ಯಪ್ಪಾ. ಮತ್ಯಾಕ ಬಂದೀರಿ? ನನ ಗಂಡನ ಇನ್ನೊಂದ ಕಣ್ಣ ಉಳದೈತಿ, ಅದನ್ನೂ ಒಯ್ಯಾಕ ಬಂದೀರೇನು?"

ಗುಡಿಸಲಿನ ಬಾಗಿಲಿಗೆ ಅಡ್ಡ ನಿಂತು ಮಾನಮ್ಮ ಕೇಳಿದ ಈ ಮಾತು ಮಧುಕರನಿಗೆ ಒಂದಕ್ಷರವೂ ತಿಳಿಯಲಿಲ್ಲ. ಬಾಳೆಹಣ್ಣಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೂರನೆಯ ಸಲ ಮರಾಠಿಯಲ್ಲಿ ಅದನ್ನೇ ಹೇಳಿದ: "ತಾಯಿ, ತಪ್ಪಾಯಿತು. ಆ ಕಲ್ಲು ನಾನೇ ಎಸೆದದ್ದು."

ಮಾನಮ್ಮ ಲಿಂಗಸೂರು ಕಡೆಯಿಂದ ಈ ಬೇಸಿಗೆಯಲ್ಲಷ್ಟೇ ಗಂಡ ಹುಲಿಗೆಪ್ಪನ ಜೊತೆ ಪುಣೆಗೆ ಕಟ್ಟಡದ ಕೂಲಿಗೆ ಬಂದವಳು. ಇಟ್ಟಿಗೆ ತಾ, ನೀರು ತಾ, ಬೇಗ ನಡೆ ಎಂಬ ಗುತ್ತೇದಾರನ ಕೂಗು ಬಿಟ್ಟರೆ ಅವಳಿಗೆ ಮರಾಠಿ ಬರುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ, ಜಲ್ಲಿಯ ರಾಶಿಯ ಪಕ್ಕ ನಿಂತಿದ್ದ ದಿಗಂಬರನಿಗೆ ಮಾತ್ರ ಇಬ್ಬರ ಮಾತೂ ತಿಳಿಯುತ್ತಿತ್ತು.

ಪುಣೆಯ ಹೊರವಲಯದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ದಿಗಂಬರ ಮತ್ತು ಮಧುಕರ ಅಕ್ಕಪಕ್ಕದ ಲೇಥು ಯಂತ್ರಗಳಲ್ಲಿ ಕೆಲಸ ಮಾಡುತ್ತಿದ್ದರು. ದಿಗಂಬರನ ಅಡ್ಡಹೆಸರು ಇನಾಮದಾರ. ಇನಾಮದಾರರು ಕರ್ನಾಟಕ-ಮಹಾರಾಷ್ಟ್ರ ಗಡಿಯ ಆಚೆಗೂ ಇದ್ದರು, ಈಚೆಗೂ ಇದ್ದರು. ಅವನು ಯಾವ ಕಡೆಯವನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಎಂಬತ್ತಾರರ ಆ ಜೂನ್ ತಿಂಗಳಲ್ಲಿ ಬೆಳಗಾವಿಯ ಗಡಿ ಗಲಾಟೆ ಪೇಪರಿನ ತುಂಬ ಬರತೊಡಗಿದಾಗ, ಮನೆಯಲ್ಲಿ ತಾಯಿ ಕನ್ನಡದಲ್ಲಿ ಬಾಯಿ ತೆರೆದೊಡನೆ ಅವನು ಎದ್ದು ಕಿಟಕಿ ಮುಚ್ಚುವುದು ರೂಢಿಯಾಯಿತು. "ಭಾಳ ಸೆಕಿ ಆಗ್ತದಲ್ಲೋ" ಎಂದು ಆಕೆ ಮೊದಲೆರಡು ದಿನ ಗೊಣಗಿದಳು. ಆಮೇಲೆ ತಾನೇ ಕಿಟಕಿ ಮುಚ್ಚಿಕೊಂಡು ಮಾತಾಡತೊಡಗಿದಳು.

ಆ ಸೋಮವಾರ ಪಾಳಿ ಮುಗಿಯುವ ಹೊತ್ತಿಗೆ, ಗಡಿಯಲ್ಲಿ ಮರಾಠಿ ಹುಡುಗನೊಬ್ಬ ಸತ್ತನೆಂಬ ಸುದ್ದಿ ಹಬ್ಬಿತು. ಮೂವತ್ತು ಜನ ಗೇಟಿನಿಂದ ಹೊರಬಿದ್ದವರು ಮನೆಗೆ ಹೋಗದೆ, ಹೊಸ ಕಟ್ಟಡದ ಹಿಂದಿದ್ದ, ಅವರು 'ಕಾನಡಿ' ಎನ್ನುತ್ತಿದ್ದ ಕನ್ನಡ ಕೂಲಿಗಳ ಗುಡಿಸಲುಗಳತ್ತ ತಿರುಗಿದರು. ದಿಗಂಬರ ಬಸ್ಸು ಹಿಡಿಯಬಹುದಿತ್ತು. ಆದರೆ ಗುಂಪಿನಲ್ಲಿ ಒಬ್ಬ ನಗುತ್ತ ಕೇಳಿದ: "ಇನಾಮದಾರ, ನಿಮ್ಮ ಮೂಲ ಊರು ಯಾವುದು?" "ಕೊಲ್ಹಾಪುರದ ಹತ್ತಿರ" ಎಂದ ದಿಗಂಬರ. ಆಮೇಲೆ ಗುಂಪಿನ ಮುಂದೆಯೇ ನಡೆದ. ಎಲ್ಲರಿಗಿಂತ ಮೊದಲು ಬಗ್ಗಿ ಕಲ್ಲು ಎತ್ತಿಕೊಂಡವನೂ ಅವನೇ.

ಹುಲಿಗೆಪ್ಪ ಎರಡೂ ಕೈ ಎತ್ತಿಕೊಂಡು ಹೊರಗೆ ಬಂದಿದ್ದ. "ಬ್ಯಾಡ್ರೆಪ್ಪೋ, ನಾವು ದುಡಿಯಾಕ ಬಂದ ಮಂದಿ" ಎಂದು ಕೂಗುತ್ತಿದ್ದ. ಅಷ್ಟು ಜನರಲ್ಲಿ ಆ ಮಾತು ತಿಳಿದದ್ದು ದಿಗಂಬರನೊಬ್ಬನಿಗೆ. ತಿಳಿದದ್ದು ತನ್ನ ಮುಖದ ಮೇಲೆ ಯಾರಿಗಾದರೂ ಕಂಡೀತೆಂದು ಅವನು ಹೆದರಿದ. ಕಲ್ಲು ಬೀಸಿದ. ಅದೇ ಕ್ಷಣ ಮಧುಕರನೂ ಬೀಸಿದ. ಮಧುಕರನ ಕಲ್ಲು ತಗಡಿನ ಗೋಡೆಗೆ ಬಡಿದು ಢಣ್ಣೆಂದಿತು. ದಿಗಂಬರನ ಕಲ್ಲಿನಿಂದ ಸದ್ದೇ ಬರಲಿಲ್ಲ.

ಅಂದಿನಿಂದ ಮಧುಕರ ಸರಿಯಾಗಿ ಊಟ ಮಾಡಿರಲಿಲ್ಲ. ಆ ಕೂಲಿಯ ಒಂದು ಕಣ್ಣು ಹೋಯಿತಂತೆ ಎಂದು ಯಾರೋ ಹೇಳಿದ ಮೇಲೆ, ಬಡಿದದ್ದು ತನ್ನ ಕಲ್ಲೇ ಎಂದುಕೊಂಡು ಲೇಥಿನ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದ. ಇಂದು ಮಧ್ಯಾಹ್ನ ಪಾಳಿ ಬಿಟ್ಟಾಗ ದಿಗಂಬರನ ತೋಳು ಹಿಡಿದ. "ಒಬ್ಬನೇ ಹೋಗಲು ಧೈರ್ಯ ಸಾಲುತ್ತಿಲ್ಲ. ನೀನೂ ಬಾ."

ಈಗ ಅವನು ಅಸಹಾಯಕನಾಗಿ ಹಿಂದೆ ತಿರುಗಿದ. "ಇವಳಿಗೆ ಹೇಗಪ್ಪಾ ತಿಳಿಸುವುದು?"

ದಿಗಂಬರ ಜಲ್ಲಿಯ ಮೇಲೆ ಕಾಲಿಟ್ಟು ಮುಂದೆ ಬಂದ. "ತಪ್ಪಾತ್ರಿ ಅಕ್ಕಾ" ಎಂದ. "ಆ ಕಲ್ಲು ನಾನ ಒಗದೆ."

ದಿಗಂಬರನ ಬಾಯಲ್ಲಿ ಕನ್ನಡ ಕೇಳಿ ಮಧುಕರ ಬೆರಗಾಗಿ ಅವನ ಮುಖ ನೋಡಿದ. ಮಾನಮ್ಮ ನೋಡಿದ್ದು ಮಧುಕರನನ್ನು. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅಳಬ್ಯಾಡ ಅನ್ನು ಅವಂಗ" ಎಂದಳು. "ಯಾರೋ ಏನೋ ತಲಿಗೆ ತುಂಬ್ಯಾರ, ಬಂದಾನ. ನಾವು ಎಂಥಾ ಮಂದಿ ಅಂತ ಅವಂಗೇನ ಗೊತ್ತು? ನನ ಗಂಡ ಅಷ್ಟು ಬೇಡ್ಕೊಂಡ. ಪಾಪ, ಆ ಮಾತರ ಅವಂಗ ಎಲ್ಲಿ ತಿಳಿಬೇಕು?"

ದಿಗಂಬರ ಒಂದೂ ಬಿಡದೆ ಮರಾಠಿಯಲ್ಲಿ ಹೇಳಿದ. ಮಧುಕರ ಹಣ್ಣಿನ ಚೀಲ ಕೆಳಗಿಟ್ಟು ಅವಳ ಕಾಲು ಮುಟ್ಟಿದ. ಅವಳು ಹಿಂದೆ ಸರಿದು, ಏಳು ಏಳು ಎಂದು ಕೈಸನ್ನೆ ಮಾಡಿದಳು. ಅಲ್ಲಿಗೆ ಮುಗಿದಿತ್ತು. ಇಬ್ಬರೂ ಹೊರಟುಬಿಡಬಹುದಿತ್ತು.

"ಅಕ್ಕಾ, ನಾ ಹೇಳಿದ್ದು ಅವನ ಮಾತಲ್ಲ" ಎಂದ ದಿಗಂಬರ. "ನನ್ನ ಮಾತು. ಅವನ ಕಲ್ಲು ತಗಡಿಗೆ ಬಿತ್ತು. ಕಣ್ಣಿಗೆ ಬಿದ್ದದ್ದು ನಂದು."

ಮಾನಮ್ಮ ಬಾಗಿಲಿಗೆ ಕೈಯೂರಿ ಕೇಳಿದಳು:

"ಅಂವಾ ಬ್ಯಾಡ್ರೆಪ್ಪೋ ಅಂದದ್ದು ನಿನಗ ಕೇಳಿಸ್ತು?"

"ಕೇಳಿಸ್ತು."

"ತಿಳೀತು?"

"ತಿಳೀತ್ರಿ."

"ಏನಂತಾಳೆ?" ಎಂದು ಮಧುಕರ ಕೇಳಿದ. ದಿಗಂಬರ ಈ ಸಲ ಹೇಳಲಿಲ್ಲ. ಅವಳು ಕೈ ಎತ್ತಿ ಹೊಡೆಯಲೆಂದು ಅವನು ಕಾದ. ಹೊಡೆಯಲಿಲ್ಲ. ಮಧುಕರನನ್ನು ನೋಡಿದಂತೆ ಅವನನ್ನು ನೋಡಲೂ ಇಲ್ಲ.

"ಯಾರ ಬಂದಾರಬೇ?" ಒಳಗಿನ ಕತ್ತಲೆಯಿಂದ ಹುಲಿಗೆಪ್ಪನ ದನಿ ಬಂತು. ಆ ದನಿಯಲ್ಲಿ ಹಿಗ್ಗಿತ್ತು. "ನಮ್ ಕಡಿ ಮಾತ ಕೇಳ್ತೈತಲ್ಲ!"

ಮಾನಮ್ಮ ದನಿ ತಗ್ಗಿಸಿದಳು. "ಬ್ಯಾರೆ ಮಂದಿ ಹೊಡದ್ರು ಅಂತ ಹೆಂಗೋ ಸಮಾಧಾನ ಮಾಡ್ಕೊಂಡಾನ. ನಮ್ಮಾಂವನ ಅಂದ್ರ ತಾಳಂಗಿಲ್ಲ. ಹೇಳಬ್ಯಾಡ." ಆಮೇಲೆ ಒಳಗೆ ಕೇಳುವಂತೆ, "ಹೌದು, ನಮ್ ಕಡ್ಯಾವ್ರ. ನಿನ್ನ ಮಾತಾಡ್ಸಾಕ ಬಂದಾರ" ಎಂದು ಬಾಗಿಲು ಬಿಟ್ಟು ಸರಿದಳು.

ದಿಗಂಬರ ತಲೆ ಬಗ್ಗಿಸಿ ಒಳಗೆ ಹೋದ. ಅರ್ಧ ಮುಖಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಹುಲಿಗೆಪ್ಪ ಗೋಡೆಗೆ ಸರಿದು, ಕೌದಿಯ ಮೇಲೆ ಜಾಗ ಮಾಡಿ ಕೈಯಿಂದ ತಟ್ಟಿ ತೋರಿಸಿದ.

"ಕುಂದರ್ರಿ. ಯಾವೂರ್ರೀ?"

"ಬೈಲಹೊಂಗಲ."

"ಭಾಳ ಚೊಲೋ ಆತ್ರಿ ಬಂದದ್ದು. ದವಾಖಾನ್ಯಾಗ ಎಂಟ ದಿನ ಇದ್ದೆ. ಒಬ್ಬರ ಮಾತೂ ನನಗ ತಿಳೀಲಿಲ್ಲ, ನನ್ನ ಮಾತು ಒಬ್ಬರಿಗೂ ತಿಳೀಲಿಲ್ಲ." ಅವನು ದಿಗಂಬರನ ಮುಂಗೈ ಹಿಡಿದುಕೊಂಡ. "ಏನರ ಮಾತಾಡ್ರಿ. ಸುಮ್ನ ಕೇಳ್ತೀನಿ."

ದಿಗಂಬರ ತನ್ನ ಊರಿನ ಬಾವಿಯ ವಿಷಯ ಹೇಳತೊಡಗಿದ. ಹೊರಗೆ ಹನಿ ಬೀಳಲು ಶುರುವಾಗಿತ್ತು. ಬಾಗಿಲಿನಾಚೆ ಮಾನಮ್ಮ, ಒಗೆದು ಹಗ್ಗದ ಮೇಲೆ ಹಾಕಿದ್ದ ಗಾಯದ ಬಿಳಿ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ಮಧುಕರ ಮುಂದೆ ಚಾಚಿದ್ದ ತೋಳುಗಳ ಮೇಲೆ ಹಾಕುತ್ತಿದ್ದುದು ಕಾಣಿಸುತ್ತಿತ್ತು.