ಪರೀಕ್ಷೆಗೆ ಮುಂಚಿನ ರಿಸಲ್ಟು

ಔಷಧಿ ಅಂಗಡಿಯವನ ಬಾಯಿಗೆ ಬೀಗವಿರಲಿಲ್ಲ. ಜ್ವರದ ಮಾತ್ರೆಗೆ ಬಂದವರೂ ಅವನ ಒಂದು ಮಾತಿಗೆ ನಕ್ಕೇ ಮೆಟ್ಟಿಲಿಳಿಯುತ್ತಿದ್ದರು. ಸಂಜೆಯಾದರೆ ನಿವೃತ್ತ ಮೇಷ್ಟ್ರೊಬ್ಬರು ಬಿ.ಪಿ. ಮಾತ್ರೆಯ ನೆಪದಲ್ಲಿ ಬಂದು ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಅರ್ಧ ಗಂಟೆ ಕೂರುತ್ತಿದ್ದರು.

ಆ ಸೋಮವಾರ ಯೂನಿಫಾರ್ಮಿನ ಹುಡುಗಿಯೊಬ್ಬಳು ಬಂದಳು. ಹದಿನಾರು ವಯಸ್ಸಿರಬಹುದು. ಕೆಮ್ಮಿನ ಸಿರಪ್ಪುಗಳ ಕಡೆ ನೋಡುತ್ತ ನಿಂತವಳು, ಮುಂದಿದ್ದ ಗಿರಾಕಿಗಳು ಹೋದ ಮೇಲೆ, "ಅಂಕಲ್, ಬಸಿರು ಟೆಸ್ಟ್ ಮಾಡೋ ಕಿಟ್ ಇದ್ಯಾ?" ಎಂದು ಪಿಸುಗುಟ್ಟಿದಳು.

ಆಗ ಒಂದು ಹಾಸ್ಯ ಸಿನಿಮಾ ಊರಲ್ಲೆಲ್ಲ ತುಂಬಿ ಓಡುತ್ತಿತ್ತು. ಅದರಲ್ಲಿ ಶಾಲೆಯ ಹುಡುಗಿ ಬಸಿರಾಗುತ್ತಾಳೆ. ಉಬ್ಬಿದ ಹೊಟ್ಟೆಯಿಂದ ಬೆಂಚಿನಲ್ಲಿ ಸಿಕ್ಕಿಕೊಳ್ಳುತ್ತಾಳೆ, ಪ್ರಿನ್ಸಿಪಾಲರು ಮೂರ್ಛೆ ಹೋಗುತ್ತಾರೆ, ಕೊನೆಗೆ ಗುಂಡುಗುಂಡಾದ ಮಗುವನ್ನೆತ್ತಿಕೊಂಡು ಎಲ್ಲರೂ ಕುಣಿಯುತ್ತಾರೆ. ಅಂಗಡಿಯವನು ಅದನ್ನು ಎರಡು ಸಲ ನೋಡಿದ್ದ. ಅದರಲ್ಲಿನ ಅಜ್ಜಿಯ ದನಿ ತೆಗೆದು, "ಪರೀಕ್ಷೆ ಬರೆಯೋ ಮುಂಚೇನೇ ರಿಸಲ್ಟಾ ಮಗಳೇ?" ಅಂದುಬಿಟ್ಟ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿಯೂ ನಕ್ಕಳು. "ನನಗಲ್ಲ, ಅಕ್ಕನಿಗೆ" ಎಂದವಳು, ಅವನು ಕಪಾಟಿಗೆ ಕೈ ಹಾಕುವಷ್ಟರಲ್ಲಿ ಬರಿಗೈಯಲ್ಲೇ ಮೆಟ್ಟಿಲಿಳಿದು ಹೋಗಿಬಿಟ್ಟಳು.

ಊಟಕ್ಕೆ ಕೂತಾಗ ಅವನು ಇದನ್ನು ಹೆಂಡತಿಗೆ ಹೇಳಿದ. ಆಕೆ ಹೆರಿಗೆ ವಾರ್ಡಿನ ನರ್ಸು. ಅವಳು ನಗಲಿಲ್ಲ.

"ಕಿಟ್ ತಗೊಂಡು ಹೋದ್ಲಾ?"

"ಇಲ್ಲ. ಅಕ್ಕನಿಗಂತೆ."

"ಅಕ್ಕನಿಗೇ ಆಗಿದ್ರೆ ಬಿಟ್ಟು ಹೋಗ್ತಿರಲಿಲ್ಲ."

ಅವನಿಗೆ ಚುರುಕ್ಕೆಂದಿತು. "ಒಂದು ತಮಾಷೆಗೆ ಇಷ್ಟೊಂದಾ? ಮೊದಲೆಲ್ಲ ಈ ವಿಷಯ ಎತ್ತಿದ್ರೆ ಜನ ಎದ್ದು ಹೋಗ್ತಿದ್ರು. ಈಗ ಮನೆಮಂದಿಯೆಲ್ಲ ಕೂತು ಆ ಸಿನಿಮಾ ನೋಡ್ತಾರೆ. ಒಳ್ಳೇದೇ ಅಲ್ವಾ?"

"ನೋಡಲಿ. ನಾನೂ ನೋಡಿ ನಕ್ಕಿದ್ದೀನಿ. ಆದ್ರೆ ಹೋದ ತಿಂಗಳು ಒಬ್ಬಳನ್ನ ಎತ್ಕೊಂಡು ಬಂದ್ರು, ಹದಿನೈದು ವರ್ಷ. ಏಳು ತಿಂಗಳು ಹೊಟ್ಟೆಗೆ ಬಟ್ಟೆ ಬಿಗಿದು ಸ್ಕೂಲಿಗೆ ಹೋಗಿದ್ಲು. ಫಿಟ್ಸ್ ಬಂದ ಮೇಲೇನೇ ಮನೆಯವರಿಗೆ ಗೊತ್ತಾಗಿದ್ದು. ಯಾಕಮ್ಮ ಹೇಳ್ಲಿಲ್ಲ ಅಂದ್ರೆ, 'ಎಲ್ಲರೂ ನಗ್ತಾರೆ' ಅಂದ್ಲು."

ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. "ಬದುಕಿದ್ಲಾ?"

"ಅವಳು ಉಳಿದ್ಲು. ಮಗು ಉಳೀಲಿಲ್ಲ."

ಮಂಗಳವಾರ, ಬುಧವಾರ ಯೂನಿಫಾರ್ಮಿನ ಯಾವ ಹುಡುಗಿ ಕಂಡರೂ ಅವನು ಎದ್ದು ಬಾಗಿಲಿಗೆ ಬಂದು ನೋಡುತ್ತಿದ್ದ. ಗುರುವಾರ ಸಂಜೆ ಅವಳು ಬಂದಳು. ಮುಖ ಬಿಳಿಚಿಕೊಂಡಿತ್ತು. ಮಡಿಚಿದ ಕಾಗದವೊಂದನ್ನು ಗಾಜಿನ ಮೇಲಿಟ್ಟಳು. ಬಸಿರು ಇಳಿಸುವ ಮಾತ್ರೆಯ ಹೆಸರು ಅದರಲ್ಲಿತ್ತು.

"ಏನೂ ಮಾತಾಡಬೇಡಿ. ಕೊಟ್ಟುಬಿಡಿ. ಬೇರೆ ಎರಡು ಅಂಗಡೀಲಿ ಡಾಕ್ಟರ್ ಚೀಟಿ ಕೇಳಿದ್ರು."

ಮೇಷ್ಟ್ರು ಸ್ಟೂಲಿನಿಂದಲೇ ರಾಗ ಎಳೆದರು. "ಏನಮ್ಮಾ, ರಿಸಲ್ಟು..."

"ಮೇಷ್ಟ್ರೇ, ಸಾಕು. ನೀವೀಗ ಮನೆಗೆ ಹೋಗಿ."

ಅವನ ಆ ದನಿಯನ್ನು ಅವರು ಎಂದೂ ಕೇಳಿರಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು ಎದ್ದು ಹೋದರು.

"ಮೊನ್ನೆ ನಾನು ಹಾಗೆ ಅಂದಿದ್ದು ತಪ್ಪಮ್ಮ."

"ಕೊಡ್ತೀರೋ, ಇಲ್ವೋ?"

"ಕೊಡಲ್ಲ. ಎಷ್ಟು ವಾರ ಅಂತ ಗೊತ್ತಿಲ್ದೆ ಇದನ್ನ ನುಂಗಿದ್ರೆ ರಕ್ತ ನಿಲ್ಲದೇ ಹೋಗಬಹುದು. ಪ್ರಾಣಕ್ಕೇ ಬರುತ್ತೆ."

ಅವಳು ಕಾಗದ ಕಸಿದುಕೊಂಡಳು. "ಎಲ್ಲಾದ್ರೂ ಸಿಗುತ್ತೆ ಬಿಡಿ."

ಸಿಗುತ್ತದೆಂದು ಅವನಿಗೂ ಗೊತ್ತಿತ್ತು. ಹಿಂದಿನ ಬೀದಿಯಲ್ಲೇ ಏನೂ ಕೇಳದೆ ಕೊಡುವವರಿದ್ದರು. ಎದ್ದು ಅಡ್ಡ ನಿಂತರೆ ಓಡಿಯೇ ಹೋಗುತ್ತಾಳೆ. ಎರಡೂ ಕೈ ಗಾಜಿನ ಮೇಲೆ ಊರಿ ಇದ್ದಲ್ಲೇ ನಿಂತ.

"ಸಿಗುತ್ತೆ. ನನಗೆ ಅದೇ ಭಯ. ನನ್ನ ಹೆಂಡತಿ ಹೆರಿಗೆ ವಾರ್ಡಲ್ಲಿದ್ದಾಳೆ, ಫೋನ್ ಮಾಡ್ತೀನಿ. ಅವಳು ಬರೋತನಕ ಕೂತ್ಕೋ. ಬೇಡ ಅನ್ನಿಸಿದ್ರೆ ಎದ್ದು ಹೋಗು, ನಾನು ತಡೆಯಲ್ಲ."

"ಅವರೂ ನಗ್ತಾರಾ?"

"ನಾನು ಹೇಳಿದಾಗಲೂ ಅವಳು ನಗಲಿಲ್ಲ."

ಹುಡುಗಿ ಸ್ಟೂಲಿನ ಅಂಚಿನಲ್ಲಿ ಕೂತಳು. ಅವನು ಫೋನ್ ಮಾಡಿದ. ಹೆಂಡತಿ ಹತ್ತು ನಿಮಿಷವೆಂದದ್ದು ಇಪ್ಪತ್ತಾಯಿತು. ಗಿರಾಕಿಗಳು ಬಂದರು, ಅವನು ತುಟಿ ಬಿಚ್ಚದೆ ಕೇಳಿದ್ದನ್ನು ಕೊಟ್ಟು ಕಳಿಸಿದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲ ಅವಳು ಅರ್ಧ ಏಳುತ್ತಿದ್ದಳು. ಕೊನೆಗೂ ಹೆಂಡತಿ ಬಂದಳು. ಬೇರೇನೂ ಕೇಳದೆ ಹುಡುಗಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ತಲೆ ಸುತ್ತುತ್ತಾ ಪುಟ್ಟಾ?" ಅಂದಳು. ಆಗ ಹುಡುಗಿಗೆ ಅಳು ಒತ್ತರಿಸಿ ಬಂತು.

ಅಂಗಡಿ ಮುಚ್ಚಿ ಮೂವರೂ ಆಸ್ಪತ್ರೆಗೆ ಹೋದರು; ಅಲ್ಲಿ ಪರೀಕ್ಷೆಯಲ್ಲಿ ಬಸಿರು ಖಚಿತವಾದ ಮೇಲೆ ನರ್ಸು ಹುಡುಗಿಯನ್ನು ಕೇಳಿಯೇ ಅವಳ ತಾಯಿಗೆ ಫೋನ್ ಮಾಡಿದಳು. ತಾಯಿ ಲಾಂಡ್ರಿ ಕೆಲಸದಿಂದ ಹಾಗೇ ಓಡಿ ಬಂದಳು. ತೋಳೆಲ್ಲ ಒದ್ದೆ. "ಏನಾಯ್ತು? ಎಲ್ಲಾದ್ರೂ ಬಿದ್ಲಾ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನರ್ಸು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತಲೆಯಾಡಿಸಿ ತಡೆದಳು.

"ಅಮ್ಮ, ನಾನು ಬಸಿರಿ. ಬೇಕಾದ್ರೆ ಹೊಡಿ. ನಗಬೇಡ."

ತಾಯಿ ಗೋಡೆಗೆ ಒರಗಿದಳು.  ಆಮೇಲೆ ಬೆಂಚಿನ ಮೇಲೆ ಮಗಳಿಗೆ ಅಂಟಿಕೊಂಡು ಕೂತು, ಅವಳ ತಣ್ಣಗಿನ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡಳು.

"ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

ಅಂಗಡಿಯವನು ಸದ್ದಿಲ್ಲದೆ ಎದ್ದು, ಕೆಳಗಿನ ಕ್ಯಾಂಟೀನಿಂದ ಬಿಸಿ ಹಾಲು, ಬನ್ನು ತರಲು ಮೆಟ್ಟಿಲಿಳಿದ.