ಮರ್ಯಾದೆ ಬಟನ್

ಬೆಳಕು ಫಕ್ಕನೆ ಕಣ್ಣಿಗೆ ಹೊಡೆಯಿತು. ಕ್ಯಾಮೆರಾ ನೋಡಿದರೆ ಅಲ್ಲೇ ಮೇಜಿನ ಮೇಲೆ, ಚರ್ಮದ ಚೀಲದೊಳಗಿತ್ತು.

"ಇದೆಂತದು?" ವಿನೋದಾ ಕಣ್ಣುಜ್ಜಿಕೊಂಡಳು.

ಉಡುಪಿಯ ಸ್ಟುಡಿಯೋದ ಶೇಖರ ನಕ್ಕ. ಅವಳಿಗೆಂದು ತೆಗೆದಿರಿಸಿದ್ದ ಹಳೆಯ ಫ್ಲ್ಯಾಷನ್ನು ತಿರುಗಿಸಿ, ಅದರ ಬೆನ್ನಿನ ಮೇಲಿದ್ದ ಕೆಂಪು ಬಟನ್ ತೋರಿಸಿದ. "ಫ್ಲ್ಯಾಷ್ ಸರಿ ಉಂಟಾ ಅಂತ ನೋಡಲಿಕ್ಕೆ ಇಟ್ಟದ್ದು. ನಾವು ಇದಕ್ಕೆ ಮರ್ಯಾದೆ ಬಟನ್ ಅಂತ ಹೇಳುವುದು. ಮದುವೆಗೆ ಹೋದರೆ ಪಾತ್ರೆ ತೊಳೆಯುವವರು, ಎಲೆ ಎತ್ತುವವರು ಎಲ್ಲ ಬಂದು ನಿಲ್ಲುತ್ತಾರೆ ಅಲ್ವಾ? ಆಗುವುದಿಲ್ಲ ಅಂದರೆ ಬೇಜಾರು. ಆಗ ಇದನ್ನು ಒತ್ತುವುದು. ಬೆಳಕು ಬಂತು, ಅವರಿಗೆ ಖುಷಿ. ಫಿಲ್ಮು ಉಳಿಯಿತು, ನಮಗೆ ಖುಷಿ."

"ಮತ್ತೆ ಫೋಟೋ ಕೇಳಿದರೆ?"

"ರೋಲ್ ಮುಗಿಯಲಿ ಅಂತ ಹೇಳುವುದು. ಆಮೇಲೆ, ಹಾಳಾಯಿತು ಅಂತ. ಅಂಥವರು ಎಷ್ಟು ಸಲ ಕೇಳಿಯಾರು ಮಾರಾಯ್ತಿ?"

ವಿನೋದಾ ನಗಲಿಲ್ಲ. ಆ ಕೆಂಪು ಬಟನಿನ ಮೇಲೆ ಅವಳಿಗೆ ಬೇರೊಬ್ಬನ ಹೆಬ್ಬೆರಳು ಕಂಡಿತ್ತು.

ಹನ್ನೆರಡು ವರ್ಷಗಳ ಹಿಂದೆ, ಕಾಪುವಿನ ಕ್ರಿಶ್ಚಿಯನ್ ಧಣಿ ಅಲೆಕ್ಸಾಂಡರ್ ಪೊರ್ಬುಗಳ ಮನೆ. ಹಿರಿಮಗಳು ಮೇಬಲಳ ಮದುವೆಯ ಹಿಂದಿನ ಸಂಜೆ. ತಲೆಗೆ ತೆಂಗಿನ ಹಾಲು ಹೊಯ್ಯುವ ರೋಸ್ ಶಾಸ್ತ್ರ. ಆ ಹಾಲಿಗೆ ಬೆಳಗಿನಿಂದ ಕಾಯಿ ತುರಿದು, ಅರೆದು, ಹಿಂಡಿದವಳು ಆ ಮನೆಯ ಕೆಲಸದ ರತ್ನಾವತಿ, ವಿನೋದಾಳ ಅಮ್ಮ. ಕೆಲಸ ಮುಗಿದ ಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ ಮನೆಯ ಮಗನ ಮುಂದೆ ನಿಂತಿದ್ದಳು. "ಸಣ್ಣ ಪೊರ್ಬುಗಳೇ, ನನ್ನದೊಂದು ತೆಗೆಯಬಹುದಾ?"

ಬೆಂಜಮಿನ್ ಆಗ ಕಾಲೇಜಿನಲ್ಲಿದ್ದ. ಗೆಳೆಯರತ್ತ ಕಣ್ಣು ಮಿಟುಕಿಸಿದ. "ಗಲ್ಲ ಮೇಲೆ ಮಾಡು ರತ್ನಾ. ಇನ್ನೂ ಮೇಲೆ. ಹಾಂ, ಹೀರೋಯಿನ್!" ಅಮ್ಮ ಗಲ್ಲ ಎತ್ತಿದಳು. ಅವನ ಹೆಬ್ಬೆರಳು ಫ್ಲ್ಯಾಷಿನ ಬೆನ್ನಿಗೆ ಹೋಯಿತು. ಬೆಳಕು ಬಂತು. ಗೆಳೆಯರು ಬಿದ್ದು ಬಿದ್ದು ನಕ್ಕರು. ಅಮ್ಮ ನಿಂತ ರೀತಿಗೆ ನಕ್ಕರೆಂದು, ಪಕ್ಕದಲ್ಲೇ ಇದ್ದ ವಿನೋದಾ ಇಷ್ಟು ವರ್ಷ ನಂಬಿದ್ದಳು.

ಫೋಟೋ ಬರುವ ಮೊದಲೇ ಅಮ್ಮ ಗೋಡೆಗೆ ಮೊಳೆ ಹೊಡೆದಿದ್ದಳು. ರೋಲ್ ಮುಗಿಯಲಿ ಎಂದರು; ಕಾದಳು. ತೊಳೆಯಲಿಕ್ಕೆ ಕೊಟ್ಟಿದೆ ಎಂದರು, ಕಾದಳು. ಹಾಳಾಯಿತು ಎಂದಾಗ, "ಪಾಪ, ಅವರಾದರೂ ಎಂತ ಮಾಡುವುದು" ಎಂದಳು. ಮೊಳೆ ಕೀಳಲಿಲ್ಲ. ಒಂದು ಮಳೆಗಾಲ ಜ್ವರ ಬಂದು ಸತ್ತೇಹೋದಳು. ಅವಳ ಕಣ್ಣು ವಿನೋದಾಳಿಗೆ ನೆನಪಿದೆ, ಮೂಗು ನೆನಪಿದೆ. ಗಲ್ಲ ಮಾತ್ರ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ.

ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಸಿಕ್ಕಿದ ಮೇಲೆ ಅವಳು ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬನಿಂದ ಈ ಯಾಶಿಕಾ ಕೊಂಡಿದ್ದಳು. ಎದೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡುವ ಕ್ಯಾಮೆರಾ. ಎಡದ್ದು ಬಲಕ್ಕೆ ಕಾಣುತ್ತಿತ್ತು. ಕಾಪುವಿನ ಲೈಟ್‌ಹೌಸ್ ಮೊದಮೊದಲು ವಾಲಿಕೊಂಡೇ ಬಂತು. ಬಲೆ ಎಳೆಯುವವರ ತಲೆಗಳೇ ಇರಲಿಲ್ಲ. ಉಪ್ಪುಗಾಳಿಗೆ ಗಾಜು ಮಂಜಾಗುತ್ತಿತ್ತು, ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಒರೆಸುತ್ತಿದ್ದಳು. ಒಂದು ಭಾನುವಾರ ಎರ್ಮಾಳಿನ ಮುದುಕಿಯೊಬ್ಬಳು ಒಣಮೀನು ತಿರುವಿಹಾಕುತ್ತ ತಲೆಯೆತ್ತಿದ್ದು ಸರಿಯಾಗಿ ಸಿಕ್ಕಿತು, ಕೆನ್ನೆಗೆ ಅಂಟಿದ ಮೀನಿನ ಹುರುಪೆಯ ಸಮೇತ. ಆ ಸಂತೋಷಕ್ಕೆ ಅವಳು ಅಂದು ಊಟವನ್ನೇ ಮರೆತಿದ್ದಳು.

ಶೇಖರನ ಅಂಗಡಿಯಿಂದ ಫ್ಲ್ಯಾಷ್ ತಂದ ವಾರದಲ್ಲೇ ಬೆಂಜಮಿನ್ ಅವಳ ಅಂಗಳಕ್ಕೆ ಬಂದ. ಬಹರೈನಿನಿಂದ ಮದುವೆಯಾಗಲೆಂದೇ ರಜೆ ಹಾಕಿ ಬಂದಿದ್ದ.

"ನೀನು ಭಾರೀ ಫೋಟೋಗ್ರಾಫರ್ ಆಗಿದ್ದೀಯಂತೆ! ನನ್ನ ಕ್ಯಾಮೆರಾವನ್ನು ಬೊಂಬಾಯಿಯಲ್ಲಿ ಕಸ್ಟಮ್ಸಿನವರು ಹಿಡಿದಿಟ್ಟುಕೊಂಡರು. ಮದುವೆಗೆ ಮಂಗಳೂರಿನ ಸ್ಟುಡಿಯೋದವರು ಬರುತ್ತಾರೆ. ಹಿಂದಿನ ದಿನ ರೋಸಿಗೆ ನೀನೇ ತೆಗೆಯಬೇಕು. ಮನೆಯವಳೇ ಅಲ್ವಾ ನೀನು?"

"ಬರುತ್ತೇನೆ," ಎಂದಳು ವಿನೋದಾ.

ಚಪ್ಪರದಡಿ ಬೆಂಜಮಿನ್ ಬರಿಮೈಯಲ್ಲಿ, ಚಡ್ಡಿ ತೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದ. ಹೆಂಗಸರು ಕೊಂಕಣಿಯಲ್ಲಿ ರೋಸಿನ ಹಾಡು ಹೇಳುತ್ತಿದ್ದರು. ಅತ್ತೆಯಂದಿರು ಎಣ್ಣೆ ಹಚ್ಚಿದರು, ಭಾವಂದಿರು ಹಾಲು ಸುರಿದರು. ವಿನೋದಾ ತಲೆ ಬಗ್ಗಿಸಿ ಗಾಜು ನೋಡಿದಳು. ಹೆಬ್ಬೆರಳನ್ನು ಫ್ಲ್ಯಾಷಿನ ಬೆನ್ನಿಗಿಟ್ಟಳು. ಬೆಳಕು. ಎಲ್ಲರೂ ಹಲ್ಲು ಬಿಟ್ಟರು. ಮತ್ತೆ ಬೆಳಕು.

"ಎಂತ ವಿನೋದಾ, ಫೋಟೋ ತೆಗೆಯುವುದಾ, ಪ್ರಾರ್ಥನೆ ಮಾಡುವುದಾ?" ಬೆಂಜಮಿನ್ ಕೂಗಿದ. ಚಪ್ಪರವೆಲ್ಲ ನಕ್ಕಿತು. ಅವಳೂ ನಕ್ಕಳು.

ಆಗ ಅಲೆಕ್ಸಾಂಡರ್ ಪೊರ್ಬುಗಳನ್ನು ಕರೆತಂದರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹಾಡು ತಾನಾಗಿ ನಿಂತಿತು. ಹೆಂಡತಿ ಸೆಲೀನ್ ಬಾಯಮ್ಮ ಆ ಕೈಯನ್ನು ತನ್ನ ಕೈಯಲ್ಲಿ ಎತ್ತಿ, ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಮಗನ ಹಣೆಯ ಮೇಲೆ ಶಿಲುಬೆ ಎಳೆಸಿದರು. ಮುದುಕನ ತುಟಿ ನಡುಗಿತು. ಬೆಂಜಮಿನನ ಮುಖದ ಮೇಲೆ ಹಾಲು ಇಳಿಯುತ್ತಿತ್ತು, ಅದರೊಳಗೆ ಕಣ್ಣೀರೂ.

ಗಾಜಿನಲ್ಲಿ ಮೂರು ಮುಖಗಳೂ ಒಂದರ ಪಕ್ಕ ಒಂದು ತಾವಾಗಿ ಬಂದು ಕೂತವು. ಇಂಥದ್ದು ಅವಳ ಕ್ಯಾಮೆರಾಕ್ಕೆ ಇದುವರೆಗೆ ಬಂದಿರಲಿಲ್ಲ. ಮುಂದೆ ಬರುವುದೂ ಇಲ್ಲ. ತೋರುಬೆರಳು ಶಟರಿನ ಮೇಲೆ ತುಡಿಯಿತು. ಆ ಬೆರಳನ್ನು ಮಡಚಿ ಹಿಡಿದು, ಹೆಬ್ಬೆರಳಿನಿಂದ ಒತ್ತಿದಳು. ಬೆಳಕು ಬಂತು.

ಹಿಂಬದಿಯಲ್ಲಿ, ರುಬ್ಬುವ ಕಲ್ಲಿನ ಹತ್ತಿರ, ಈಗ ಆ ಮನೆಯ ಕೆಲಸ ಮಾಡುವ ಸುಂದರಿ ಕೈ ತೊಳೆಯುತ್ತಿದ್ದಳು. ಮೊಣಕೈವರೆಗೆ ತೆಂಗಿನ ಹಾಲು.

"ಅಕ್ಕಾ, ನನ್ನದೊಂದು..."

"ಅವಳದ್ದೆಲ್ಲ ಎಂತಕ್ಕೆ? ಫಿಲ್ಮು ದಂಡ!" ಒಳಗಿನಿಂದ ಯಾರೋ ಕೂಗಿದರು.

"ಗಲ್ಲ ಸ್ವಲ್ಪ ಎತ್ತು," ಎಂದಳು ವಿನೋದಾ. ಕ್ಲಿಕ್. ಹಿಡಿ ತಿರುಗಿಸಿದಳು. ಮತ್ತೆ ಕ್ಲಿಕ್. ರೋಲ್ ಮುಗಿಯುವವರೆಗೆ ಸುಂದರಿಯನ್ನೇ ತೆಗೆದಳು. ಅವಳು ನಾಚಿ, ನಕ್ಕು, ಕೊನೆಗೆ ಕಲ್ಲಿಗೆ ಒರಗಿ ಸುಮ್ಮನೆ ನೋಡಿದಳು.

ಮದುವೆ ಮುಗಿದ ಮೇಲೆ ಬೆಂಜಮಿನ್ ಫೋಟೋ ಕೇಳಿ ಕಳಿಸಿದ. ರೋಲ್ ಮುಗಿಯಲಿ ಎಂದಳು. ಮತ್ತೆ ಕೇಳಿದಾಗ, ತೊಳೆಯಲಿಕ್ಕೆ ಕೊಟ್ಟಿದೆ ಎಂದಳು. ಅಷ್ಟರಲ್ಲಿ ಅಲೆಕ್ಸಾಂಡರ್ ಪೊರ್ಬುಗಳು ತೀರಿಕೊಂಡರು. ದಫನ ಕಳೆದ ಮೇಲೆ ಬೆಂಜಮಿನ್ ತಾನೇ ಬಂದು ಬಾಗಿಲಲ್ಲಿ ನಿಂತ. ತೋಳಿಗೆ ಕಪ್ಪು ಪಟ್ಟಿ.

"ಸುಂದರಿಯ ಮನೆಯಲ್ಲಿ ಅವಳ ಫೋಟೋ ಉಂಟು. ಅದೇ ದಿನದ್ದು ಅಲ್ವಾ? ನಮ್ಮದೆಲ್ಲಿ? ಅಪ್ಪ ಶಿಲುಬೆ ಎಳೆದದ್ದೊಂದು ಸಿಕ್ಕಿದರೆ ಸಾಕು. ಅಮ್ಮ ದಿನಾ ಕೇಳುತ್ತಾರೆ."

ವಿನೋದಾ ಕಪಾಟಿನಿಂದ ಫ್ಲ್ಯಾಷ್ ತೆಗೆದಳು. "ನಿಲ್ಲಿ," ಎಂದಳು.

ಅವನ ಕೈ ತಾನಾಗಿ ಕಾಲರ್ ಸರಿಮಾಡಿತು. ಗಲ್ಲ ಮೇಲಾಯಿತು. ಬೆಳಕು ಹೊಡೆಯಿತು.

ಕ್ಯಾಮೆರಾ ಅವಳ ಹಿಂದೆ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವನು ಅದನ್ನು ನೋಡಿದ, ಅವಳ ಹೆಬ್ಬೆರಳನ್ನು ನೋಡಿದ. ಆ ಬಟನ್ ಅವನಿಗೆ ಗೊತ್ತಿತ್ತು.

"ಎಲ್ಲವೂ ಹೀಗೆಯಾ?"

"ಎಲ್ಲವೂ."

"ನಾನು ನಿನಗೆ ಎಂತ ಮಾಡಿದ್ದೇನೆ ವಿನೋದಾ?" ಕೇಳುವಾಗ ಅವನ ದನಿಯಲ್ಲಿ ಕಪಟ ಇರಲಿಲ್ಲ. ಅವನಿಗೆ ನಿಜವಾಗಿ ನೆನಪಿರಲಿಲ್ಲ.

ಅವಳು ಕ್ಯಾಮೆರಾವನ್ನು ಮೊಳೆಯಿಂದ ತೆಗೆದು ಮೇಜಿನ ಮೇಲಿಟ್ಟಳು.

"ಮೇಬಲಕ್ಕನ ರೋಸಿಗೆ ಕಾಯಿ ಅರೆದದ್ದು ಯಾರು?"

ಬೆಂಜಮಿನ್ ಬಾಯಿ ತೆರೆದ. ಹೆಸರು ಬರಲಿಲ್ಲ. ತುಕ್ಕು ಹಿಡಿದ ಮೊಳೆಯನ್ನೇ ನೋಡುತ್ತ ನಿಂತ. ಅವಳ ಕೈಯಲ್ಲಿ ಫ್ಲ್ಯಾಷ್ ಸೊಳ್ಳೆಯ ಹಾಗೆ ಸಣ್ಣಗೆ ಗುಂಯ್ಗುಡುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತು, ಮುಂದಿನ ಬೆಳಕಿಗೆ ತಯಾರೆಂದು ಅದರ ಬೆನ್ನಿನ ಪುಟ್ಟ ದೀಪ ಮತ್ತೆ ಹೊತ್ತಿಕೊಂಡಿತು.